ಮಾರ್ಕ್ಸ್, ಲೆನಿನ್ ಮತ್ತು ನಡುವಿನ ಒಂದು ಗೀಟು

ಪ್ರಶ್ನೆ: ಸರ್, ನಾನು ದಾವಣಗೆರೆಯವಳು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಅಪ್ಪ ಕಾಟನ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು, ಯೂನಿಯನ್ನಿನಲ್ಲಿ ಓಡಾಡಿದವರು. ನಮ್ಮ ಮನೆಯ ನಡುಮನೆಯಲ್ಲಿ ಮಾರ್ಕ್ಸ್ ಮತ್ತು ಲೆನಿನ್ ಫೋಟೊ ಒಂದೇ ಫ್ರೇಮಿನಲ್ಲಿದೆ. ಮುಂದಿನ ತಿಂಗಳು ನನ್ನ ಸೆಮಿನಾರ್ ಇದೆ. ವಿಷಯ ಮಾರ್ಕ್ಸ್‌ವಾದ ಮತ್ತು ಲೆನಿನ್‌ವಾದ. ‘ಲೆನಿನ್‌ವಾದ ಎಂದರೆ ರಷ್ಯಾಕ್ಕೆ ಅನ್ವಯಿಸಿದ ಮಾರ್ಕ್ಸ್‌ವಾದ’ ಎಂದು ಬರೆದುಕೊಂಡು ಹೋದೆ. ನಮ್ಮ ಗೈಡ್ ನಕ್ಕು, ‘ಅನ್ವಯ ಅಲ್ಲಮ್ಮ, ಲೆನಿನ್ ಮಾರ್ಕ್ಸ್‌ನನ್ನ ತಲೆಕೆಳಗು ಮಾಡಿದ’ ಎಂದರು. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, ‘ಎರಡೂ ಒಂದೇ. ಬೇರೆ ಅನ್ನೋರು ಮಾಲೀಕರ ಕಡೆಯೋರು’ ಎಂದು ಸಿಟ್ಟಾದರು. ನನ್ನ ಕ್ಲಾಸ್‌ಮೇಟ್ ಹೇಳೋದು ಇನ್ನೊಂದು: ‘ಎರಡೂ ಒಂದೇ ಆದರೆ ಸ್ಟಾಲಿನ್ ಕೊಂದವರ ಲೆಕ್ಕವೂ ಮಾರ್ಕ್ಸ್ ಖಾತೆಗೇ ಬೀಳುತ್ತೆ.’ ನಾನು ಯಾರ ಮಾತು ಹಿಡಿಯಲಿ?

ಉತ್ತರ: ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ತೊಡಕು ಬೇರೆ ಕಡೆ ಇದೆ. ಮೂವರೂ ಎರಡು ವಸ್ತುಗಳನ್ನು ಮುಂದಿಟ್ಟುಕೊಂಡು ಜಗಳ ಆಡುತ್ತಿದ್ದಾರೆ. ಇರೋದು ಮೂರು. ಮಾರ್ಕ್ಸ್ ಬರೆದದ್ದು ಒಂದು. ಲೆನಿನ್ ಬರೆದದ್ದು, ಮಾಡಿದ್ದು ಇನ್ನೊಂದು. ಲೆನಿನ್ ಸತ್ತ ಮೇಲೆ ಇಬ್ಬರ ಹೆಸರಿನ ನಡುವೆ ಗೀಟೆಳೆದು ‘ಮಾರ್ಕ್ಸ್‌ವಾದ-ಲೆನಿನ್‌ವಾದ’ ಎಂದು ಕರೆದದ್ದು ಮೂರನೆಯದು. ಮೂರನೆಯದನ್ನು ಬೇರೆ ತೆಗೆದಿಟ್ಟರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಈ ಪೇಪರ್ ಪಾಠ ಮಾಡಿದವನು. ‘ಲೆನಿನ್ ಮಾರ್ಕ್ಸ್‌ವಾದವನ್ನು ರಷ್ಯಾಕ್ಕೆ ಅನ್ವಯಿಸಿದನು’ ಅನ್ನೋ ವಾಕ್ಯವನ್ನು ಉತ್ತರ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇನೋ, ಲೆಕ್ಕ ಇಲ್ಲ. ತಪ್ಪು ಎಂದು ಅಂಕ ಕಳೆಯೋಕೆ ಆಗುವುದಿಲ್ಲ, ಸರಿ ಎಂದು ಪೂರ್ತಿ ಕೊಡೋಕೂ ಕೈ ಬರುವುದಿಲ್ಲ. ಯಾಕೆಂದರೆ ಅನ್ವಯಿಸಬೇಕಾದರೆ ಮೊದಲು ಸೂತ್ರ ಇರಬೇಕಲ್ವಾ? ಕಾರ್ಮಿಕರು ಅಧಿಕಾರ ಹಿಡಿಯೋದು ಹೇಗೆ, ಯಾವ ಥರದ ಪಕ್ಷ ಕಟ್ಟಬೇಕು, ಹಿಡಿದ ಮರುದಿನ ಬೆಳಿಗ್ಗೆ ಏನು ಮಾಡಬೇಕು ಎಂಬುದಕ್ಕೆ ಮಾರ್ಕ್ಸ್ ಸೂತ್ರ ಬರೆದಿಡಲಿಲ್ಲ. ಬೇಕಂತಲೇ ಬರೆಯಲಿಲ್ಲ.

ಮೊದಲು ಒಂದು ಪತ್ರದ ಕತೆ ಹೇಳುತ್ತೇನೆ. ಇದನ್ನು ಕ್ಲಾಸಿನಲ್ಲಿ ಹೇಳಿದ ದಿನ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ವೆರಾ ಜಾಸುಲಿಚ್ ಎಂಬ ರಷ್ಯನ್ ಯುವತಿ ಇದ್ದಳು. ಟೋಪಿ ತೆಗೆಯಲಿಲ್ಲ ಎಂಬ ಕಾರಣಕ್ಕೆ ಒಬ್ಬ ರಾಜಕೀಯ ಕೈದಿಗೆ ಸೇಂಟ್ ಪೀಟರ್ಸ್‌ಬರ್ಗಿನ ಗವರ್ನರ್ ಟ್ರೆಪೊವ್ ಛಡಿ ಏಟು ಕೊಡಿಸಿದ್ದ. 1878ರಲ್ಲಿ ಈಕೆ ಅವನ ಕಚೇರಿಗೇ ಹೋಗಿ ಗುಂಡು ಹಾರಿಸಿದಳು. ಅವನು ಬದುಕಿಕೊಂಡ. ವಿಚಿತ್ರ ಏನೆಂದರೆ ಜ್ಯೂರಿ ಈಕೆಯನ್ನು ನಿರ್ದೋಷಿ ಎಂದು ಬಿಟ್ಟಿತು. ಮತ್ತೆ ಹಿಡಿಯುವ ಮೊದಲು ಆಕೆ ದೇಶ ಬಿಟ್ಟಳು. 1881ರ ಫೆಬ್ರವರಿಯಲ್ಲಿ ಜಿನೀವಾದಿಂದ ಲಂಡನ್ನಿನ ಮಾರ್ಕ್ಸ್‌ಗೆ ಪತ್ರ ಬರೆದಳು. ಕೇಳಿದ್ದು ಇಷ್ಟು: ನಮ್ಮಲ್ಲಿ ಹಳ್ಳಿಯ ಜಮೀನು ‘ಮೀರ್’ ಎಂಬ ಗ್ರಾಮ ಸಮುದಾಯದ ಕೈಯಲ್ಲಿದೆ. ಅಲ್ಲಿಂದಲೇ ನೇರವಾಗಿ ಸಮಾಜವಾದಕ್ಕೆ ಹೋಗಬಹುದೇ? ಅಥವಾ ಬಂಡವಾಳಶಾಹಿ ಬಂದು ಅದನ್ನೆಲ್ಲ ಒಡೆದುಹಾಕುವ ತನಕ ಕಾಯಬೇಕೇ? ನಿಮ್ಮ ಶಿಷ್ಯರು ಎಂದು ಹೇಳಿಕೊಳ್ಳುವವರು ಕಾಯಬೇಕು ಅನ್ನುತ್ತಾರೆ.

ಮಾರ್ಕ್ಸ್ ಸುಮ್ನೆ ಹೌದು ಅಥವಾ ಇಲ್ಲ ಎಂದು ಬರೆದು ಕಳಿಸಬಹುದಿತ್ತು. ಕರಡಿನ ಮೇಲೆ ಕರಡು ಬರೆದ, ಹೊಡೆದುಹಾಕಿದ. ಕೊನೆಗೆ ಮಾರ್ಚ್ 8ರಂದು ಪುಟ್ಟ ಪತ್ರ ಕಳಿಸಿದ. ‘ಬಂಡವಾಳ’ ಪುಸ್ತಕದಲ್ಲಿ ನಾನು ಅನಿವಾರ್ಯ ಎಂದು ಹೇಳಿದ್ದು ಪಶ್ಚಿಮ ಯುರೋಪಿನ ದೇಶಗಳ ಬಗ್ಗೆ ಮಾತ್ರ. ರಷ್ಯಾದಲ್ಲಿ ಆ ಗ್ರಾಮ ಸಮುದಾಯವೇ ಸಮಾಜದ ಹೊಸ ಹುಟ್ಟಿಗೆ ಆಧಾರ ಆಗಬಹುದು, ಆದರೆ ಅದನ್ನು ಎಲ್ಲ ಕಡೆಯಿಂದ ಕೊರೆಯುತ್ತಿರುವ ಹುಳಗಳನ್ನು ಮೊದಲು ತೊಲಗಿಸಬೇಕು. ಇದು ಪತ್ರದ ಸಾರ, ಮಾತು ನನ್ನದು. ಮುಂದಿನ ವರ್ಷ ಕಮ್ಯುನಿಸ್ಟ್ ಪ್ರಣಾಳಿಕೆಯ ರಷ್ಯನ್ ಆವೃತ್ತಿಗೆ ತನ್ನ ಗೆಳೆಯ ಏಂಗೆಲ್ಸ್ ಜೊತೆ ಬರೆದ ಮುನ್ನುಡಿಯಲ್ಲಿ ಇನ್ನೊಂದು ಷರತ್ತು ಸೇರಿಸಿದ: ರಷ್ಯಾದ ಕ್ರಾಂತಿ ಪಶ್ಚಿಮದ ಕಾರ್ಮಿಕ ಕ್ರಾಂತಿಗೆ ಕಿಡಿ ಆಗಬೇಕು, ಎರಡೂ ಒಂದಕ್ಕೊಂದು ಆಸರೆ ಆಗಬೇಕು.

ಈಗ ನಿಮ್ಮ ಗೈಡ್ ಹೇಳಿದ ‘ತಲೆಕೆಳಗು’ ಮಾತಿಗೆ ಬರೋಣ. ಮಾರ್ಕ್ಸ್ ಪ್ರಕಾರ ಕ್ರಾಂತಿ ಮುಂದುವರಿದ ಕೈಗಾರಿಕಾ ದೇಶದಲ್ಲೇ ಆಗಬೇಕಿತ್ತು, ಲೆನಿನ್ ಹಿಂದುಳಿದ ರಷ್ಯಾದಲ್ಲಿ ಮಾಡಿದ, ಅದಕ್ಕೇ ತಲೆಕೆಳಗು ಎಂಬುದು ರೂಢಿಯ ವಾದ. ಮೇಲಿನ ಪತ್ರ ನೋಡಿದರೆ ಆ ವಾದ ಅಷ್ಟು ಗಟ್ಟಿ ನಿಲ್ಲುವುದಿಲ್ಲ. ತಮಾಷೆ ಏನು ಗೊತ್ತಾ? 1899ರಲ್ಲಿ ಲೆನಿನ್ ರಷ್ಯಾದ ಬಂಡವಾಳಶಾಹಿಯ ಬೆಳವಣಿಗೆ ಬಗ್ಗೆ ಒಂದು ದಪ್ಪ ಪುಸ್ತಕ ಬರೆದ. ಹಳ್ಳಿಗಳ ಅಂಕಿ ಅಂಶ ರಾಶಿ ಹಾಕಿ, ಮೀರ್ ಆಗಲೇ ಒಳಗಿನಿಂದ ಒಡೆದಿದೆ, ಬಂಡವಾಳಶಾಹಿ ಬಂದಾಗಿದೆ ಎಂದು ವಾದಿಸಿದ. ಈ ಒಂದು ವಿಷಯದಲ್ಲಿ ಲೆನಿನ್ ಮಾರ್ಕ್ಸ್‌ಗಿಂತ ಹೆಚ್ಚು ‘ಮಾರ್ಕ್ಸ್‌ವಾದಿ’! ಆ ಪತ್ರ ಅವನ ಕಾಲದಲ್ಲಿ ಅಚ್ಚಾಗಿಯೇ ಇರಲಿಲ್ಲ. ಅದು ಹೊರಬಂದದ್ದು 1924ರಲ್ಲಿ. ಅದೇ ವರ್ಷ ಜನವರಿ 21ಕ್ಕೆ ಲೆನಿನ್ ತೀರಿಕೊಂಡಿದ್ದ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿ? ಮೂಲ ನಂಬಿಕೆಗಳಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ವರ್ಗ ಸಂಘರ್ಷ, ಮಿಗುತಾಯ ಮೌಲ್ಯ (ದುಡಿಮೆಯ ಬೆಲೆಯಲ್ಲಿ ಕೂಲಿ ಕಳೆದು ಮಾಲೀಕನಿಗೆ ಉಳಿಯುವ ಭಾಗ), ರಾಜ್ಯಯಂತ್ರ ಆಳುವ ವರ್ಗದ ಕೈಯ ಆಯುಧ ಎಂಬುದು, ಇವೆಲ್ಲವನ್ನೂ ಲೆನಿನ್ ಹಾಗೇ ತೆಗೆದುಕೊಂಡ. ಅಪ್ಪ ಹೇಳುವ ‘ಒಂದೇ’ ಇಷ್ಟರ ಮಟ್ಟಿಗೆ ಸರಿ. ವ್ಯತ್ಯಾಸ ಶುರುವಾಗುವುದು ಪಕ್ಷದ ವಿಷಯದಲ್ಲಿ.

1864ರಲ್ಲಿ ಮೊದಲ ಇಂಟರ್‌ನ್ಯಾಷನಲ್‌ಗೆ, ಅಂದರೆ ಹಲವು ದೇಶಗಳ ಕಾರ್ಮಿಕರ ಸಂಘಕ್ಕೆ, ಮಾರ್ಕ್ಸ್ ಬರೆದ ನಿಯಮಾವಳಿ ಶುರುವಾಗುವುದೇ, ಕಾರ್ಮಿಕ ವರ್ಗದ ಬಿಡುಗಡೆಯನ್ನು ಕಾರ್ಮಿಕ ವರ್ಗವೇ ಗೆದ್ದುಕೊಳ್ಳಬೇಕು ಎಂಬ ಮಾತಿನಿಂದ. 1902ರ ‘ಏನು ಮಾಡಬೇಕು?’ ಪುಸ್ತಕದಲ್ಲಿ ಲೆನಿನ್ ಹೇಳಿದ್ದು ಬೇರೆ. ಕಾರ್ಮಿಕರನ್ನು ಅವರ ಪಾಡಿಗೆ ಬಿಟ್ಟರೆ ಯೂನಿಯನ್ ಕಟ್ಟುತ್ತಾರೆ, ಕೂಲಿ ಕೇಳುತ್ತಾರೆ, ಅಲ್ಲಿಗೇ ನಿಲ್ಲುತ್ತಾರೆ. ಸಮಾಜವಾದದ ಅರಿವು ಹೊರಗಿನಿಂದ ಬರಬೇಕು. ಅದಕ್ಕೆ ಹಗಲೂ ರಾತ್ರಿ ಇದೇ ಕೆಲಸ ಮಾಡುವ ವೃತ್ತಿಪರ ಕ್ರಾಂತಿಕಾರಿಗಳ ಬಿಗಿಯಾದ ಪಕ್ಷ ಬೇಕು.

ಇದನ್ನೇ ಲೆನಿನ್‌ನ ಸ್ವಂತ ಕಲ್ಪನೆ ಎಂದು ಎಷ್ಟೋ ಗೈಡ್ ಪುಸ್ತಕಗಳು ಬರೆಯುತ್ತವೆ. ಅದು ಸರಿಯಲ್ಲ. ‘ಹೊರಗಿನಿಂದ’ ಎಂಬ ಮಾತಿಗೆ ಲೆನಿನ್ ಉದ್ದಕ್ಕೆ ಉಲ್ಲೇಖಿಸಿದ್ದು ಜರ್ಮನಿಯ ಕಾರ್ಲ್ ಕೌಟ್ಸ್ಕಿಯನ್ನು. ಆ ಕಾಲಕ್ಕೆ ಕೌಟ್ಸ್ಕಿ ಎಂದರೆ ಮಾರ್ಕ್ಸ್‌ವಾದದ ದೊಡ್ಡ ಪಂಡಿತ. ಮತ್ತೆ ಆಗಿನ ರಷ್ಯಾ ಎಂಥದ್ದು ಅಂತಲೂ ನೆನಪಿಡಿ. ಚುನಾವಣೆ ಇಲ್ಲ, ಪಾರ್ಲಿಮೆಂಟ್ ಇಲ್ಲ, ಯೂನಿಯನ್ ಕಟ್ಟಿದರೆ ಜೈಲು, ಸೈಬೀರಿಯ. ಬಾಗಿಲು ತೆರೆದಿಟ್ಟು ಸಭೆ ನಡೆಸುವ ಪಕ್ಷದೊಳಗೆ ಒಂದೇ ವಾರದಲ್ಲಿ ಪೊಲೀಸ್ ಬೇಹುಗಾರ ಕೂತಿರುತ್ತಿದ್ದ. ಲೆನಿನ್‌ನೇ ಮುಂದೆ ಹೇಳಿಕೊಂಡ: ಬೇರೆಯವರು ಕೋಲನ್ನು ಒಂದು ಕಡೆ ಬಗ್ಗಿಸಿದ್ದರು, ನೇರ ಮಾಡೋಕೆ ನಾನು ಇನ್ನೊಂದು ಕಡೆ ಬಗ್ಗಿಸಿದೆ. 1905ರ ಕ್ರಾಂತಿಯ ಹೊತ್ತಿಗೆ ಪಕ್ಷದ ಬಾಗಿಲು ಕಾರ್ಮಿಕರಿಗೆ ಅಗಲವಾಗಿ ತೆರೆಯಿರಿ ಎಂದು ವಾದಿಸಿದವನೂ ಅವನೇ.

1903ರ ಮಹಾಧಿವೇಶನ ನಿಮ್ಮ ಸೆಮಿನಾರಿಗೆ ಚಿನ್ನದಂಥ ಉದಾಹರಣೆ. ರಷ್ಯನ್ ಸಮಾಜವಾದಿಗಳು ಬ್ರಸೆಲ್ಸ್‌ನ ಒಂದು ಹಿಟ್ಟಿನ ಗೋದಾಮಿನಲ್ಲಿ ಸೇರಿದರು. ಪೊಲೀಸರ ಕಾಟ ಜಾಸ್ತಿಯಾಗಿ ಲಂಡನ್ನಿಗೆ ಎದ್ದು ಹೋದರು. ಅಲ್ಲಿ ಜಗಳ ಹತ್ತಿದ್ದು ಯಾವುದಕ್ಕೆ? ಪಕ್ಷದ ಸದಸ್ಯ ಅಂದರೆ ಯಾರು ಎಂಬ ಒಂದೇ ವಾಕ್ಯಕ್ಕೆ. ಪಕ್ಷದ ಯಾವುದಾದರೂ ಘಟಕದಲ್ಲಿ ಸ್ವತಃ ಭಾಗವಹಿಸುವವನು ಸದಸ್ಯ ಎಂದ ಲೆನಿನ್. ಘಟಕದ ನಿರ್ದೇಶನದಲ್ಲಿ ನಿಯಮಿತವಾಗಿ ಸಹಾಯ ಮಾಡಿದರೂ ಸಾಕು ಎಂದ ಇನ್ನೊಬ್ಬ ಮುಖಂಡ ಮಾರ್ತೊವ್. ಕೇಳೋಕೆ ಕೂದಲು ಸೀಳಿದ ಹಾಗಿದೆ ಅಲ್ವಾ? ಆದರೆ ಮೊದಲನೆಯದರಲ್ಲಿ ಪಕ್ಷ ಒಂದು ಪಡೆ. ಎರಡನೆಯದರಲ್ಲಿ ಪಕ್ಷ ಒಂದು ಚಳವಳಿ. ಇವತ್ತಿಗೂ ನಮ್ಮ ಕಮ್ಯುನಿಸ್ಟ್ ಪಕ್ಷಗಳ ಸದಸ್ಯತ್ವ ಮಿಸ್ಡ್ ಕಾಲ್ ಕೊಟ್ಟರೆ ಸಿಗುವುದಿಲ್ಲ. ಮೊದಲು ಉಮೇದುವಾರ ಸದಸ್ಯ ಆಗಿರಬೇಕು, ಕೆಲಸ ಮಾಡಿ ತೋರಿಸಬೇಕು. ಆ ಪದ್ಧತಿಯ ಬೇರು ಹುಡುಕಿಕೊಂಡು ಹೋದರೆ ಈ ಜಗಳಕ್ಕೇ ತಲುಪುತ್ತೀರಿ.

ಆ ವಾಕ್ಯದ ಮೇಲಿನ ಮತದಾನದಲ್ಲಿ ಗೆದ್ದದ್ದು ಮಾರ್ತೊವ್. ಎಷ್ಟೋ ಪುಸ್ತಕಗಳು ಇದನ್ನು ಉಲ್ಟಾ ಬರೆದಿವೆ, ಎಚ್ಚರ. ಕೆಲವರು ಸಭೆ ಬಿಟ್ಟು ಹೋದ ಮೇಲೆ ಲೆನಿನ್ ಕಡೆಗೆ ಬಹುಮತ ಬಂತು. ‘ಬೋಲ್ಷೆವಿಕ್’ ಎಂದರೆ ಬಹುಮತದವರು, ‘ಮೆನ್ಷೆವಿಕ್’ ಎಂದರೆ ಅಲ್ಪಮತದವರು. ಆಗ ಲೆನಿನ್ ‘ಇಸ್ಕ್ರಾ’ ಪತ್ರಿಕೆಯ ಸಂಪಾದಕ ಮಂಡಳಿಯನ್ನು ಆರು ಜನರಿಂದ ಮೂರಕ್ಕೆ ಇಳಿಸಿದ. ಕೈಬಿಟ್ಟವರಲ್ಲಿ ಒಬ್ಬಳು, ಹೌದು, ಅದೇ ವೆರಾ ಜಾಸುಲಿಚ್. ಆಕೆ ಮೆನ್ಷೆವಿಕ್ ಕಡೆ ಹೋದಳು.

ಎರಡನೇ ದೊಡ್ಡ ವ್ಯತ್ಯಾಸ ಸಾಮ್ರಾಜ್ಯಶಾಹಿಯ ಸಿದ್ಧಾಂತ. ನಿಮ್ಮ ನಡುಮನೆಯ ಫ್ರೇಮಿಗೆ ಲೆನಿನ್ ಬಂದ ದಾರಿ ಇದೇ. ಜರ್ಮನಿಯ ಸಮಾಜವಾದಿ ಪಕ್ಷಕ್ಕೆ 1912ರ ಚುನಾವಣೆಯಲ್ಲಿ 397 ಸೀಟುಗಳಲ್ಲಿ 110 ಸಿಕ್ಕಿದ್ದವು. ಆ ಸಂಸತ್ತಿನಲ್ಲಿ ಅದೇ ದೊಡ್ಡ ಪಕ್ಷ. 1914ರ ಆಗಸ್ಟ್ 4ರಂದು ಆ ಪಕ್ಷ ಜರ್ಮನ್ ಚಕ್ರವರ್ತಿ ಕೈಸರನ ಯುದ್ಧಸಾಲಕ್ಕೆ ಕೈ ಎತ್ತಿತು. ಸುದ್ದಿ ಅಚ್ಚಾದ ಪತ್ರಿಕೆ ನೋಡಿ ಲೆನಿನ್ ನಂಬಲಿಲ್ಲ. ಜರ್ಮನ್ ಸೈನ್ಯದವರು ಖೋಟಾ ಪ್ರತಿ ಅಚ್ಚು ಹಾಕಿರಬೇಕು ಅಂದುಕೊಂಡ. ನಿಜ ಎಂದು ಗೊತ್ತಾದ ಮೇಲೆ ಅವನನ್ನು ಕಾಡಿದ ಪ್ರಶ್ನೆ: ಕಾರ್ಮಿಕರ ಪಕ್ಷ ಹೀಗ್ಯಾಕೆ ಮಾಡಿತು? ಉತ್ತರವನ್ನು 1916ರಲ್ಲಿ ಜ್ಯೂರಿಚ್‌ನಲ್ಲಿ ಬರೆದ. ಅವರಿದ್ದ ಮನೆಯ ಹಿತ್ತಲಲ್ಲಿ ಸಾಸೇಜ್ ಕಾರ್ಖಾನೆ. ವಾಸನೆ ತಡೆಯಲಾರದೆ ರಾತ್ರಿ ಮಾತ್ರ ಕಿಟಕಿ ತೆರೆಯುತ್ತಿದ್ದೆವು ಎಂದು ಹೆಂಡತಿ ಕ್ರುಪ್‌ಸ್ಕಾಯ ನೆನಪಿಸಿಕೊಂಡಿದ್ದಾಳೆ. ಹಗಲೆಲ್ಲ ಗ್ರಂಥಾಲಯದಲ್ಲಿ ಕೂತು ಬರೆದದ್ದರ ತಿರುಳು ಇದು: ಬ್ಯಾಂಕು ಮತ್ತು ಕೈಗಾರಿಕೆಯ ಬಂಡವಾಳ ಒಂದಾಗಿ ಏಕಸ್ವಾಮ್ಯ ಬೆಳೆದಿದೆ. ಅದು ಜಗತ್ತನ್ನು ಹಂಚಿಕೊಂಡಿದೆ. ವಸಾಹತುಗಳಿಂದ ಬರುವ ಹೆಚ್ಚುವರಿ ಲಾಭದ ಚೂರು ಮುಂದುವರಿದ ದೇಶಗಳ ಮೇಲ್ಪದರದ ಕಾರ್ಮಿಕರಿಗೂ ಸಿಗುತ್ತಿದೆ. ಹೀಗಾಗಿ ಕ್ರಾಂತಿ ಸರಪಳಿಯ ಗಟ್ಟಿ ಕೊಂಡಿಯಲ್ಲೇ ಆಗಬೇಕಿಲ್ಲ.

1853ರಲ್ಲಿ ಮಾರ್ಕ್ಸ್ ಭಾರತದ ಬಗ್ಗೆ ಬರೆದಾಗ, ಬ್ರಿಟಿಷರ ಉದ್ದೇಶ ನೀಚ, ಆದರೂ ಅವರು ತಿಳಿಯದೆಯೇ ಇತಿಹಾಸದ ಕೈಯ ಉಪಕರಣ ಆಗಿದ್ದಾರೆ ಎಂದಿದ್ದ. ಲೆನಿನ್ ಬಂದ ಮೇಲೆ ವಸಾಹತುಗಳ ಜನ ಇತಿಹಾಸಕ್ಕೆ ಕಾಯುವವರಾಗಿ ಉಳಿಯಲಿಲ್ಲ, ಅದನ್ನು ಮಾಡುವವರಾದರು. 1920ರಲ್ಲಿ ಕಾಮಿಂಟರ್ನ್ ಎಂಬ ಕಮ್ಯುನಿಸ್ಟ್ ಪಕ್ಷಗಳ ಅಂತರರಾಷ್ಟ್ರೀಯ ಒಕ್ಕೂಟದ ಅಧಿವೇಶನದಲ್ಲಿ ಇದೇ ವಿಷಯಕ್ಕೆ ನಮ್ಮ ದೇಶದ ಎಂ.ಎನ್. ರಾಯ್ ಲೆನಿನ್ ಜೊತೆ ವಾದ ಮಾಡಿದರು, ಇಬ್ಬರ ಪ್ರಬಂಧಗಳೂ ಅಂಗೀಕಾರ ಆದವು. ನಮ್ಮ ದೇಶಕ್ಕೆ ಮಾರ್ಕ್ಸ್ ಬಂದದ್ದು ಹೆಚ್ಚಾಗಿ ಲೆನಿನ್ ಕೈ ಹಿಡಿದುಕೊಂಡೇ. ಹಾಗಾಗಿ ಅಪ್ಪನಿಗೆ ಇಬ್ಬರೂ ಒಂದೇ ಅನ್ನಿಸುವುದು ಸಹಜ. ಆದರೆ ಈ ಸಿದ್ಧಾಂತವನ್ನು ನಮ್ಮಲ್ಲಿ ಎಲ್ಲರೂ ಒಪ್ಪಲಿಲ್ಲ. ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಲೋಹಿಯಾ, ಸಾಮ್ರಾಜ್ಯಶಾಹಿ ಬಂಡವಾಳಶಾಹಿಯ ಕೊನೆಯ ಹಂತ ಅಲ್ಲ, ಎರಡೂ ಅವಳಿಗಳಂತೆ ಒಟ್ಟಿಗೇ ಹುಟ್ಟಿದವು ಎಂದು ವಾದಿಸಿದರು. ಒಂದು ಪ್ಯಾರಾ ಇದಕ್ಕೆ ಕೊಡಿ.

ಇನ್ನು ಕಷ್ಟದ ಭಾಗ. ‘ಕಾರ್ಮಿಕ ವರ್ಗದ ಸರ್ವಾಧಿಕಾರ’ ಎಂಬ ಮಾತು ಲೆನಿನ್‌ದಲ್ಲ, ಮಾರ್ಕ್ಸ್‌ದೇ. 1852ರ ಒಂದು ಪತ್ರದಲ್ಲಿದೆ, 1875ರಲ್ಲಿ ಜರ್ಮನ್ ಸಮಾಜವಾದಿಗಳ ಗೋಥಾ ಕಾರ್ಯಕ್ರಮಕ್ಕೆ ಬರೆದ ಟೀಕೆಯಲ್ಲೂ ಇದೆ. ಅದು ಹೇಗಿರುತ್ತದೆ ಎಂದು ನೋಡಬೇಕೆಂದರೆ 1871ರ ಪ್ಯಾರಿಸ್ ಕಮ್ಯೂನ್ (ದಂಗೆ ಎದ್ದ ಪ್ಯಾರಿಸ್ ಜನ ಕಟ್ಟಿಕೊಂಡ ನಗರ ಸರ್ಕಾರ) ನೋಡಿ ಎಂದು ಏಂಗೆಲ್ಸ್ ಬರೆದ. ಎರಡೂವರೆ ತಿಂಗಳೂ ಬಾಳದ ಆ ಕಮ್ಯೂನಿನಲ್ಲಿ ಚುನಾವಣೆ ಇತ್ತು, ಹಲವು ಪಂಗಡಗಳಿದ್ದವು. ಆರಿಸಿದವರನ್ನು ವಾಪಸ್ ಕರೆಸಬಹುದು, ಅಧಿಕಾರಿಗೂ ಕಾರ್ಮಿಕನಷ್ಟೇ ಸಂಬಳ ಎಂಬುದನ್ನೇ ಮಾರ್ಕ್ಸ್ ಎತ್ತಿ ಹೇಳಿದ. 1917ರಲ್ಲಿ ತಲೆಮರೆಸಿಕೊಂಡಿದ್ದಾಗ ಲೆನಿನ್ ಬರೆದ ‘ರಾಜ್ಯ ಮತ್ತು ಕ್ರಾಂತಿ’ಯಲ್ಲಿ ಇದನ್ನೆಲ್ಲ ಹುಮ್ಮಸ್ಸಿನಿಂದ ಎತ್ತಿಕೊಂಡಿದ್ದಾನೆ. ಅಲ್ಲಿ ಇಬ್ಬರ ನಡುವೆ ಕೂದಲೆಳೆಯಷ್ಟೂ ಅಂತರ ಕಾಣುವುದಿಲ್ಲ.

ಅಂತರ ಕಂಡದ್ದು 1917ರ ಅಕ್ಟೋಬರ್ ಕ್ರಾಂತಿಯಲ್ಲಿ ಬೋಲ್ಷೆವಿಕರಿಗೆ ಅಧಿಕಾರ ಸಿಕ್ಕ ಮೇಲೆ. ನವೆಂಬರಿನಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆದು, ಬೋಲ್ಷೆವಿಕರಿಗೆ ನಾಲ್ಕನೇ ಒಂದು ಭಾಗದಷ್ಟು ಮತ ಬಂತು. ರೈತರ ನಡುವೆ ಕೆಲಸ ಮಾಡಿದ್ದ ಸಮಾಜವಾದಿ ಕ್ರಾಂತಿಕಾರಿ ಪಕ್ಷಕ್ಕೆ ಅದಕ್ಕಿಂತ ಬಹಳ ಹೆಚ್ಚು. 1918ರ ಜನವರಿಯಲ್ಲಿ ಆ ಸಭೆ ಒಂದೇ ಸಲ ಕೂತಿತು. ಮತ್ತೆ ಕೂರಲು ಬಿಡಲಿಲ್ಲ. ಚೆಕಾ ಎಂಬ ರಹಸ್ಯ ಪೊಲೀಸ್ ಅಷ್ಟರಲ್ಲಿ ಹುಟ್ಟಿತ್ತು. 1921ರ ಮಾರ್ಚಿನಲ್ಲಿ, ಕ್ರೊನ್‌ಸ್ಟಾಟ್ ನೌಕಾನೆಲೆಯ ನಾವಿಕರ ದಂಗೆಯನ್ನು ಹತ್ತಿಕ್ಕುತ್ತಿದ್ದ ದಿನಗಳಲ್ಲೇ, ಪಕ್ಷದ ಒಳಗೂ ಬಣಗಳನ್ನು ನಿಷೇಧಿಸಿದರು. ಅಂತರ್ಯುದ್ಧ, ಹಸಿವು, ಹೊರಗಿನ ಸೈನ್ಯಗಳು, ಈ ಕಾರಣಗಳನ್ನು ಬೆಂಬಲಿಗರು ಕೊಡುತ್ತಾರೆ. ಅವು ಸುಳ್ಳಲ್ಲ. ಆದರೆ ಎಲ್ಲವನ್ನೂ ಅದರ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಂವಿಧಾನ ಸಭೆಗೆ ಬೀಗ ಬಿದ್ದಾಗ ಅಂತರ್ಯುದ್ಧ ಪೂರ್ತಿ ಹೊತ್ತಿಕೊಂಡೇ ಇರಲಿಲ್ಲ. ಇದನ್ನು ಆಗಲೇ ಹೇಳಿದ ಮಾರ್ಕ್ಸ್‌ವಾದಿಗಳಿದ್ದರು. ರೋಸಾ ಲಕ್ಸೆಂಬರ್ಗ್ ಜರ್ಮನಿಯ ಜೈಲಿನಲ್ಲಿ ಕೂತು, ರಷ್ಯಾದ ಕ್ರಾಂತಿಯನ್ನು ಮೆಚ್ಚುತ್ತಲೇ, ಬೇರೆ ಥರ ಯೋಚಿಸುವವನಿಗೆ ಸಿಗುವುದೇ ಸ್ವಾತಂತ್ರ್ಯ ಎಂದು ಬರೆದಳು. ಕೌಟ್ಸ್ಕಿ ನೇರವಾಗಿ ವಿರೋಧಿಸಿದ. ಲೆನಿನ್ ಅವನನ್ನು ‘ದ್ರೋಹಿ’ ಎಂದು ಕರೆದು ಪುಸ್ತಕವನ್ನೇ ಬರೆದ. ‘ಬೇರೆ ಅನ್ನೋರು ಮಾಲೀಕರ ಕಡೆಯೋರು’ ಎಂಬ ಅಪ್ಪನ ಮಾತಿಗೆ ಇವರ ಹೆಸರು ಹೇಳಿ. ಲಕ್ಸೆಂಬರ್ಗಳನ್ನು 1919ರ ಜನವರಿಯಲ್ಲಿ ಬಲಪಂಥೀಯ ಸೈನಿಕರು ಕೊಂದರು. ಆಕೆಯನ್ನು ಮಾಲೀಕರ ಕಡೆಯವಳು ಅನ್ನೋಕೆ ಆಗುವುದಿಲ್ಲ.

ಕೊನೆಗೆ ಆ ಗೀಟು. ಲೆನಿನ್ ತನ್ನನ್ನು ಮಾರ್ಕ್ಸ್‌ವಾದಿ ಎಂದೇ ಕರೆದುಕೊಂಡ. ಅವನು ಸತ್ತು ಮೂರು ತಿಂಗಳೂ ಆಗಿರಲಿಲ್ಲ. 1924ರ ಏಪ್ರಿಲ್‌ನಲ್ಲಿ ಸ್ಟಾಲಿನ್ ‘ಲೆನಿನ್‌ವಾದದ ಬುನಾದಿಗಳು’ ಎಂದು ಉಪನ್ಯಾಸ ಕೊಟ್ಟ. ಲೆನಿನ್‌ವಾದ ಎಂದರೆ ಸಾಮ್ರಾಜ್ಯಶಾಹಿ ಮತ್ತು ಕಾರ್ಮಿಕ ಕ್ರಾಂತಿಯ ಯುಗದ ಮಾರ್ಕ್ಸ್‌ವಾದ ಎಂಬ ವ್ಯಾಖ್ಯೆ ಅಲ್ಲಿಯದು. ನಿಮ್ಮ ಕ್ಲಾಸ್ ನೋಟ್ಸಿನಲ್ಲೂ ಇರಬಹುದು, ನೋಡಿ. ಆಗ ಉತ್ತರಾಧಿಕಾರಕ್ಕೆ ಪೈಪೋಟಿ ನಡೆದಿತ್ತು. ಲೆನಿನ್‌ವಾದ ಏನೆಂದು ಹೇಳುವ ಹಕ್ಕು ಯಾರಿಗೆ ಸಿಕ್ಕಿತೋ ಪಕ್ಷವೂ ಅವರದೇ. ಇದೇ ಸ್ಟಾಲಿನ್‌ನನ್ನು ಪ್ರಧಾನ ಕಾರ್ಯದರ್ಶಿ ಹುದ್ದೆಯಿಂದ ತೆಗೆಯಿರಿ ಎಂದು ಕಾಯಿಲೆಯ ಹಾಸಿಗೆಯಿಂದ ಲೆನಿನ್ ಬರೆಸಿದ್ದ.

ನಿಮ್ಮ ಕ್ಲಾಸ್‌ಮೇಟ್ ಕೇಳಿದ ಖಾತೆಯ ಲೆಕ್ಕಕ್ಕೆ ಇಲ್ಲಿ ಉತ್ತರ ಇದೆ, ಆದರೆ ಯಾರಿಗೂ ಪೂರ್ತಿ ಸಮಾಧಾನ ಕೊಡದ ಉತ್ತರ. ಸೋವಿಯತ್ ದಾಖಲೆಗಳ ಪ್ರಕಾರವೇ 1937-38ರಲ್ಲಿ ಸುಮಾರು 6.8 ಲಕ್ಷ ಜನರನ್ನು ಗುಂಡಿಟ್ಟು ಕೊಂದರು. 1883ರಲ್ಲೇ ಸತ್ತ ಮಾರ್ಕ್ಸ್ ಖಾತೆಗೆ ಅದನ್ನು ಬರೆಯುವುದು ಸರಿಯಲ್ಲ. ಹಾಗಂತ ಲೆನಿನ್ ಖಾತೆಯನ್ನು ಬಿಳಿ ಹಾಳೆ ಅನ್ನುವುದೂ ಸರಿಯಲ್ಲ. ಸ್ಟಾಲಿನ್ ಬಳಸಿದ ಕೆಲವು ಉಪಕರಣಗಳು, ಒಂದೇ ಪಕ್ಷ, ರಹಸ್ಯ ಪೊಲೀಸ್, ಬಣ ನಿಷೇಧ, ಅವನಿಗೆ ತಯಾರಾಗಿಯೇ ಸಿಕ್ಕವು.

ಸೆಮಿನಾರಿನಲ್ಲಿ ಯಾವ ನಿಲುವು? ‘ಮುಂದುವರಿಕೆ’ ಎಂದರೆ ಎರಡು ನಿಮಿಷದಲ್ಲಿ ಯಾರಾದರೂ 1864ರ ನಿಯಮಾವಳಿ ಮುಂದಿಟ್ಟು, ಪಕ್ಷ ಯಾಕೆ ಬೇಕಾಯಿತು ಎಂದು ಕೇಳುತ್ತಾರೆ. ‘ದ್ರೋಹ’ ಎಂದರೆ ಗೈಡ್‌ಗೆ ಖುಷಿಯಾಗಬಹುದು. ಆದರೆ ಮಾರ್ಕ್ಸ್‌ನನ್ನು ಶಾಂತಿದೂತ ಮಾಡಿಬಿಡುವ ಅಪಾಯ ಅಲ್ಲಿದೆ. 1872ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಕ್ಸ್, ಇಂಗ್ಲೆಂಡ್, ಅಮೆರಿಕಗಳಲ್ಲಿ ಕಾರ್ಮಿಕರು ಶಾಂತಿಯಿಂದ ಗುರಿ ಮುಟ್ಟಬಹುದು ಎಂದ. ಅದೇ ಉಸಿರಿನಲ್ಲಿ ಯುರೋಪಿನ ಬಹುಪಾಲು ದೇಶಗಳಲ್ಲಿ ಬಲಪ್ರಯೋಗವೇ ಸನ್ನೆಗೋಲು ಎಂದೂ ಹೇಳಿದ. ಅರ್ಧ ಉಲ್ಲೇಖಿಸಿ ಸಿಕ್ಕಿಬಿದ್ದವರನ್ನು ನಾನು ಎಷ್ಟೋ ವೈವಾದಲ್ಲಿ ನೋಡಿದ್ದೇನೆ. ನನ್ನ ಸಲಹೆ: ಲೆನಿನ್‌ವಾದ ಮಾರ್ಕ್ಸ್‌ವಾದದ ಒಂದು ಕವಲು, ಮಾರ್ಕ್ಸ್ ಖಾಲಿ ಬಿಟ್ಟ ಜಾಗಗಳಿಗೆ ರಷ್ಯಾದಲ್ಲಿ ಬರೆದ ಉತ್ತರ, ಒಂದೇ ಉತ್ತರ ಅಲ್ಲ. ಇದರಲ್ಲೂ ಒಂದು ಅಪಾಯ ಇದೆ. ‘ಎರಡೂ ಕಡೆ ಕಾಲಿಟ್ಟಿದ್ದೀರಿ’ ಅನ್ನುತ್ತಾರೆ. ಅದಕ್ಕೆ ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿ. ಪಕ್ಷದಲ್ಲಿ ಬೇರೆ, ಅರ್ಥಶಾಸ್ತ್ರದ ಬುಡದಲ್ಲಿ ಒಂದೇ, ವಸಾಹತುಗಳ ವಿಷಯದಲ್ಲಿ ಬೆಳೆಸಿದ್ದು, ಅಧಿಕಾರ ಸಿಕ್ಕ ಮೇಲೆ ದೂರ ಹೋದದ್ದು ಎಂದು ಒಂದೊಂದಕ್ಕೂ ನಿಮ್ಮ ತೀರ್ಪು ಕೊಡಿ.

ಮಾತು ಶುರು ಮಾಡುವುದಾದರೆ ಜಾಸುಲಿಚ್‌ಳಿಂದ ಮಾಡಿ. ಮಾರ್ಕ್ಸ್ ಪತ್ರ ಕೈಗೆ ಸಿಕ್ಕವಳು, ಲೆನಿನ್ ಜೊತೆ ಒಂದೇ ಪತ್ರಿಕೆ ನಡೆಸಿದವಳು, ಅಕ್ಟೋಬರ್ ಕ್ರಾಂತಿಯನ್ನು ಒಪ್ಪದೆ 1919ರಲ್ಲಿ ಪೆಟ್ರೊಗ್ರಾಡ್‌ನಲ್ಲಿ ಸತ್ತವಳು.

ಇನ್ನೊಂದು. ಗೈಡ್‌ಗೆ ತೋರಿಸುವ ಮೊದಲು ಪೇಪರನ್ನು ಅಪ್ಪನಿಗೆ ಓದಿ ಹೇಳಿ. ಯೂನಿಯನ್ ಕಾರ್ಮಿಕರು ಕೂಲಿಯ ಆಚೆಗೆ ಯೋಚಿಸುವುದಿಲ್ಲ ಎಂದು ಲೆನಿನ್ 1902ರಲ್ಲಿ ಬರೆದದ್ದು ನಿಜವಾ ಎಂದು ಅವರನ್ನೇ ಕೇಳಿ. ಉತ್ತರ ಬರೆದುಕೊಳ್ಳಲು ಪೆನ್ನು ಹಿಡಿದುಕೊಂಡೇ ಕೂತಿರಿ.